ಬಾಕಿ ಪಾಠ

ಜೂನ್ 22, ಸೋಮವಾರ. ಮಧ್ಯಾಹ್ನ

ಇವತ್ತೂ ಅಡುಗೆಮನೆಯಲ್ಲೇ ಕ್ಲಾಸು. ಇವರು ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾರೆ, ಇರುವುದೊಂದೇ ಕೋಣೆ. ಒಲೆಯ ಪಕ್ಕ ಲ್ಯಾಪ್‌ಟಾಪ್, ಎತ್ತರಕ್ಕೆಂದು ಅದರ ಕೆಳಗೆ ಹಿಟ್ಟಿನ ಡಬ್ಬ. ದನಿ ಎತ್ತುವಂತಿಲ್ಲ. ನಾಗರಿಕತೆಗಳೆಲ್ಲ ಪಿಸುಮಾತಿನಲ್ಲೇ ಹುಟ್ಟಿ ಪಿಸುಮಾತಿನಲ್ಲೇ ಮುಳುಗುತ್ತಿವೆ.

ಜ್ವರ ಊರು ಬಿಡುವ ಲಕ್ಷಣ ಇಲ್ಲ. ಶಾಲೆಗೆ ಬೀಗ. ಹೆಡ್‌ಮಾಸ್ಟರು ಮಕ್ಕಳಿಗೆಲ್ಲ ಡಿಜಿಟಲ್ ನೋಟ್‌ಬುಕ್ ಮಾಡಿಸಿಕೊಟ್ಟಿದ್ದಾರೆ. ಅವರು ಮನೆಯಲ್ಲಿ ಫೋನಿನ ಮೇಲೆ ಬೆರಳಿನಿಂದ ಬರೆದರೆ ನನ್ನ ಪರದೆಯ ಮೇಲೆ ಅಕ್ಷರ ಮೂಡುತ್ತದೆ. ಯಾರ ಪುಸ್ತಕ ತೆರೆದಿದೆಯೋ ಅವರ ಹೆಸರಿನ ಪಕ್ಕ ಹಸಿರು ಚುಕ್ಕೆ. ನಾನು ಕೆಂಪಿನಲ್ಲಿ ತಿದ್ದುತ್ತೇನೆ. ಇಷ್ಟು ವರ್ಷ ಹಿಂದಿನ ಬೆಂಚಿನವರು ಏನು ಗೀಚುತ್ತಾರೆಂದೇ ಗೊತ್ತಾಗುತ್ತಿರಲಿಲ್ಲ. ಈಗ ಬರೆದು ಅಳಿಸಿದ್ದೂ ಕಣ್ಣಿಗೆ ಬೀಳುತ್ತದೆ.

ಏಳನೇ ಕ್ಲಾಸಿಗೆ ಪ್ರಾಚೀನ ಇತಿಹಾಸ. ಹರಪ್ಪದ ಇಟ್ಟಿಗೆಗಳ ಬಗ್ಗೆ ಹೇಳುತ್ತಿದ್ದೆ. ಅತ್ತೆ ಪಕ್ಕದಲ್ಲಿ ಕಾಳು ಆರಿಸುತ್ತ ಕೂತಿದ್ದರು. "ಆವಾಗಿಂದ ಇಟ್ಟಿಗೆ ಇಟ್ಟಿಗೆ ಅಂತಿದೀಯ, ಮನೆ ಯಾವಾಗ ಕಟ್ಟೋದು?"

ಮೈಕ್ ಆನ್ ಇತ್ತು. ಕ್ಲಾಸೆಲ್ಲ ನಗು. ಶಾಲೆ ಮುಚ್ಚಿದ ಮೇಲೆ ಅವರು ಒಟ್ಟಿಗೆ ನಕ್ಕಿದ್ದು ಇದೇ ಮೊದಲು.

ಜೂನ್ 26, ಶುಕ್ರವಾರ. ಸಂಜೆ

'ಆದ್ರೆ'ಯ ಪುಟ ನೋಡಿದೆ. ಆ ಹುಡುಗಿಗೆ ನಾನಿಟ್ಟ ಹೆಸರು ಅದು. ಯಾವ ಪ್ರಶ್ನೆ ಕೇಳಿದರೂ "ಆದ್ರೆ ಮಿಸ್" ಎಂದೇ ಶುರು. ನಾನು ಒಂದು ಮಾತು ಮುಗಿಸಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅವಳ 'ಆದ್ರೆ' ತಯಾರು.

ಇವತ್ತಿನದು: "ಆದ್ರೆ ಮಿಸ್, ಇಟ್ಟಿಗೆ ಎಲ್ಲಾ ಒಂದೇ ಅಳತೆ ಅಂದ್ರೆ, ಅಳತೆ ತಪ್ಪಿದವನಿಗೆ ಏನು ಮಾಡ್ತಿದ್ರು? ಬೈತಿದ್ರಾ? ಬೇರೆ ಕೆಲಸ ಕೊಡ್ತಿದ್ರಾ?"

ಪುಸ್ತಕದಲ್ಲಿ ಇಟ್ಟಿಗೆ ಇದೆ, ಇಟ್ಟಿಗೆ ಹುಯ್ದವನು ಇಲ್ಲ. "ಗೊತ್ತಿಲ್ಲ. ಯಾರೂ ಬರೆದಿಟ್ಟಿಲ್ಲ. ಬರೆದಿದ್ದರೂ ಆ ಲಿಪಿ ನಮಗೆ ಓದಲು ಬರುವುದಿಲ್ಲ" ಎಂದು ಕೆಂಪಿನಲ್ಲಿ ಬರೆದೆ. ತಕ್ಷಣ ಕೆಳಗೆ ಅಕ್ಷರ ಮೂಡಿತು. "ಪಾಪ."

ಅವಳದ್ದು ಯಾವಾಗಲೂ ಸಂಜೆಯೇ. ಮನೆಗೆಲ್ಲ ಒಂದು ಫೋನು, ಅದು ಅಪ್ಪನದು. ಅವರು ಬಸ್ ಡ್ರೈವರ್. ಈಗ ಬಸ್ಸಿನ ಸೀಟು ಕಿತ್ತು ರೋಗಿಗಳನ್ನು ಸಾಗಿಸಲು ಹಾಕಿದ್ದಾರಂತೆ. ಅವರು ಡ್ಯೂಟಿಗೆ ಹೊರಟರೆ ಫೋನೂ ಹೊರಟಿತು. ಬಂದ ಮೇಲೆ ಇವಳ ಪಾಠ.

ಜುಲೈ 8, ಬುಧವಾರ

ಮಣ್ಣಿನ ಆಟಿಕೆ ಗಾಡಿ. ಚಿತ್ರ ಹಾಕಿ, 'ಇದನ್ನು ಯಾರು, ಯಾರಿಗಾಗಿ ಮಾಡಿರಬಹುದು? ಐದು ವಾಕ್ಯ' ಎಂದು ಕೊಟ್ಟಿದ್ದೆ. ಎಲ್ಲರೂ 'ಕುಂಬಾರ, ಮಕ್ಕಳಿಗಾಗಿ' ಎಂದು ಬರೆದು ಕೈತೊಳೆದುಕೊಂಡರು. 'ಆದ್ರೆ' ಒಬ್ಬಳೇ ಪುಟ ತುಂಬಿಸಿದ್ದಳು. ಕೊನೆಯಲ್ಲಿ: "ಅಪ್ಪ ನೋಡಿ ಹೇಳಿದ್ರು, ಗಾಡಿ ಚೆನ್ನಾಗಿದೆ, ಆದ್ರೆ ಬ್ರೇಕ್ ಇಲ್ಲ."

'ಆದ್ರೆ' ಎಲ್ಲಿಂದ ಬಂದಿದೆ ಅಂತ ಈಗ ಗೊತ್ತಾಯಿತು.

ಅತ್ತೆಗೆ ಓದಿ ಹೇಳಿದೆ. "ಅಪ್ಪ ಮಗಳು ಒಂದೇ ಅಚ್ಚು," ಎಂದರು.

ಜುಲೈ 17, ಶುಕ್ರವಾರ. ಮಧ್ಯಾಹ್ನ

ತಿದ್ದಿ ತಿದ್ದಿ ಕಣ್ಣು ಉರಿ. ಆರು ಜನರದ್ದು ಬಂದಿಲ್ಲ. ಆದ್ರೆಯದೂ ಇಲ್ಲ, ಆಶ್ಚರ್ಯ. ಚರಂಡಿ ಪಾಠ, ಸ್ನಾನದ ಕೊಳದ ಪಾಠ — ಎರಡೂ ಖಾಲಿ. ಆರೂ ಜನರಿಗೆ ಒಂದೇ ಒಕ್ಕಣೆ ಹಾಕಿದೆ: "ಎರಡು ಪಾಠ ಬಾಕಿ. ಸೋಮಾರಿತನ ಬೇಡ."

ಜುಲೈ 20, ಸೋಮವಾರ

ಹೆಡ್‌ಮಾಸ್ಟರ ಫೋನು ಬಂದಾಗ ತರಕಾರಿ ಹೆಚ್ಚುತ್ತಿದ್ದೆ.

"ಮೇಡಂ, ಕೂತಿದೀರಾ?" ಎಂದರು. ಅವರು ಹಾಗೆಲ್ಲ ಕೇಳುವವರಲ್ಲ.

'ಆದ್ರೆ' ಹೋಗಿ ಐದು ದಿನ. ಜ್ವರವಲ್ಲ. ಹೊಟ್ಟೆನೋವು, ಕರುಳು ಒಡೆದಿತ್ತಂತೆ. ಆಸ್ಪತ್ರೆ ಸೇರಿಸುವ ಹೊತ್ತಿಗೆ ತಡವಾಗಿತ್ತು. ಗುಂಪು ಸೇರುವಂತಿಲ್ಲವೆಂದು ಮಣ್ಣಿಗೂ ಅಪ್ಪ ಅಮ್ಮನ ಹೊರತು ಯಾರನ್ನೂ ಬಿಡಲಿಲ್ಲ. ಹೆಡ್‌ಮಾಸ್ಟರಿಗೂ ಇವತ್ತೇ ಯಾರೋ ಹೇಳಿ ಗೊತ್ತಾದದ್ದು.

ಐದು ದಿನ. ಅಂದರೆ ಶುಕ್ರವಾರ ನಾನು ಕೆಂಪಿನಲ್ಲಿ ಬರೆಯುವಾಗ...

ಪುಟ ತೆರೆದೆ. ಅಳಿಸಬೇಕು ಎಂದು. ಒಕ್ಕಣೆಯ ಪಕ್ಕ 'ನೋಡಲಾಗಿದೆ' ಎಂಬ ಗುರುತು.

ಅಳಿಸಲು ಕೈ ಬರಲಿಲ್ಲ. ಓದಿಯಾಗಿದೆಯಲ್ಲ. ಇನ್ನು ಅಳಿಸಿದರೆ ಮುಚ್ಚಿಟ್ಟಂತೆ.

ಜುಲೈ 21, ಮಂಗಳವಾರ

ಮಕ್ಕಳಿಗೆ ಹೇಳಿದೆ. ಕೋಣೆಯಲ್ಲಾಗಿದ್ದರೆ ಯಾರಾದರೂ ಅತ್ತಿರುತ್ತಿದ್ದರು, ಯಾರಾದರೂ ತಬ್ಬಿಕೊಂಡಿರುತ್ತಿದ್ದರು. ಇಲ್ಲಿ ಒಬ್ಬೊಬ್ಬರೇ ಕ್ಯಾಮೆರಾ ಆರಿಸಿದರು. ಪರದೆ ತುಂಬ ಕಪ್ಪು ಚೌಕ. ಅದರ ಹಿಂದೆ ಏನು ಮಾಡುತ್ತಿದ್ದರೋ.

ಪಾಠ ಮಾಡಲಿಲ್ಲ. ಕ್ಲಾಸು ಮುಗಿಯುವವರೆಗೆ ಯಾರೂ ಹೊರಗೆ ಹೋಗಲೂ ಇಲ್ಲ.

ಆಗಸ್ಟ್ 5, ಬುಧವಾರ. ಸಂಜೆ



ಐದೂವರೆಗೆ ನೋಟ್‌ಬುಕ್ ಪಟ್ಟಿ ತೆರೆದೆ. ಅವಳ ಹೆಸರಿನ ಪಕ್ಕ ಹಸಿರು ಚುಕ್ಕೆ.

ಮೊದಲು ಯಂತ್ರದ ತಪ್ಪು ಅಂದುಕೊಂಡೆ. ಪುಟ ತೆರೆದರೆ ಅಕ್ಷರ ಮೂಡುತ್ತಿತ್ತು. ಬಹಳ ನಿಧಾನ. ಒಂದಕ್ಷರ, ಆಮೇಲೆ ಅದೇ ಅಳಿಸಿ ಮತ್ತೆ. "ನಗರದ ಚರಂಡಿಗಳು ಮುಚ್ಚಿದ್ದವು. ಕಲ್ಲು ಮತ್ತು ಇಟ್ಟಿಗೆಯಿಂದ ಮುಚ್ಚಿದ್ದರು." ಬಾಕಿಯಿದ್ದ ಪಾಠ. ಪ್ರಶ್ನೆ ಒಂದು. ಪ್ರಶ್ನೆ ಎರಡು.

"ಯಾರು?" ಎಂದು ಕೆಂಪಿನಲ್ಲಿ ಬರೆದೆ. ಕಳಿಸುವ ಮೊದಲೇ ಅಳಿಸಿದೆ. ಅತ್ತೆಯನ್ನು ಕರೆದು ತೋರಿಸಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ದೊಡ್ಡೋರ ಕೈ ಕಣೆ ಇದು. ಹೆದರಿ ಹೆದರಿ ಬರೀತಿದೆ. ಮಕ್ಕಳು ಹಿಂಗೆ ಹೆದರಲ್ಲ."

ಆಗಸ್ಟ್ 6, ಗುರುವಾರ

ಆದ್ರೆಯ ಮನೆಗೆ ಫೋನ್ ಮಾಡಿದೆ. ಮಾಡಬೇಕೆಂದು ಎರಡು ವಾರದಿಂದ ಮುಂದೂಡುತ್ತಿದ್ದ ಫೋನು. ಅಪ್ಪನೇ ಎತ್ತಿದರು. ಹಿಂದೆ ಬಸ್ಸಿನ ಎಂಜಿನ್ ಸದ್ದು, ಆಮೇಲೆ ಅದು ನಿಂತಿತು.

ನಾನು ಏನೇನೋ ಹೇಳಿದೆ. ಇಂಥ ಹೊತ್ತಿನಲ್ಲಿ ಎಲ್ಲರೂ ಹೇಳುವುದನ್ನೇ. ಅವರು ಹೂಂ ಹೂಂ ಎನ್ನುತ್ತಿದ್ದರು.

"ನಿನ್ನೆ ಬರೆದಿದ್ದು ನಾನು ಮಿಸ್," ಅಂದರು. "ತಪ್ಪಾಯ್ತಾ?"

"ಇಲ್ಲ, ತಪ್ಪೇನಿಲ್ಲ. ಸುಮ್ಮನೆ... ಯಾಕೆ ಅಂತ."

"ಎರಡು ಬಾಕಿ ಅಂತ ಹಾಕಿದ್ರಲ್ಲ ನೀವು. ಅವಳದ್ದು ಯಾವತ್ತೂ ಬಾಕಿ ಇರ್ತಿರ್ಲಿಲ್ಲ. ಹಂಗೆ ಬಿಟ್ಟು ಹೋದ್ಲು ಅಂತ ಆಗಬಾರದು ಅಂತ."

ಕ್ಷಮೆ ಕೇಳಿದೆ. ಆ ಒಕ್ಕಣೆ ಬರೆದಾಗ ನನಗೆ ಗೊತ್ತಿರಲಿಲ್ಲ ಎಂದೆ.

"ನೀವು ಬರೆದಿದ್ದು ಒಳ್ಳೇದೇ ಆಯ್ತು ಬಿಡಿ," ಎಂದರು. "ಆ ವಾರ ಎಲ್ರೂ ಅವಳನ್ನ 'ಇದ್ಲು, ಇದ್ಲು' ಅಂತಿದ್ರು. ನೀವೊಬ್ರೇ 'ಸೋಮಾರಿತನ ಬೇಡ' ಅಂದಿದ್ದು."

ತಪ್ಪಿದ್ದರೆ ತಪ್ಪು ಅಂತಲೇ ಹಾಕಿ ಎಂದು ಹೇಳಿ ಫೋನಿಟ್ಟರು.

ಆಗಸ್ಟ್ 19, ಬುಧವಾರ

ಬಾಕಿ ಎರಡು ಮುಗಿದವು. ಅವರು ನಿಲ್ಲಿಸಲಿಲ್ಲ. ಹೊಸ ಪಾಠವನ್ನೂ ಬರೆಯುತ್ತಿದ್ದಾರೆ. ಡ್ಯೂಟಿ ಮುಗಿಸಿ ಐದೂವರೆ ಹೊತ್ತಿಗೆ ಬರುತ್ತಾರೆ. ನಾನೂ ಐದಕ್ಕೇ ಕೂತು ಕಾಯುತ್ತೇನೆ. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಇರುತ್ತದೆ.

ಇವತ್ತು ಸುಮೇರಿಯ. ಅವರು ಪುಟದುದ್ದಕ್ಕೂ 'ಸುಮಾರಿಯ' ಎಂದು ಬರೆದಿದ್ದಾರೆ. 'ಸುಮಾರಿಯದ ಜನರು ಒದ್ದೆ ಮಣ್ಣಿನ ಮೇಲೆ ಬರೆಯುತ್ತಿದ್ದರು.' ಅಷ್ಟು ದೊಡ್ಡ ನಾಗರಿಕತೆ ಒಂದು ಅಕ್ಷರದಲ್ಲಿ ಸುಮಾರಾಗಿ ಹೋಯಿತು. ನಗು ಬಂತು. ತಿಂಗಳಾಯಿತು ನಕ್ಕು. ಕೂಡಲೇ ಅಳುವೂ ಬಂತು. ಕೆಂಪಿನಲ್ಲಿ ಸುತ್ತು ಹಾಕಿದೆ. "ಸುಮೇರಿಯ. ಐದು ಸಲ ಬರೆಯಿರಿ." ಬರೆದರು. ಐದೂ ದುಂಡಗೆ.

ನಿಜ ಹೇಳಬೇಕೆಂದರೆ ನಾನು ಕಾಯುವುದು ಅವರಿಗಾಗಿ ಮಾತ್ರವಲ್ಲ. ಆ ಹೆಸರಿನ ಪಕ್ಕ ಚುಕ್ಕೆ ಹಸಿರಾಗುವ ಗಳಿಗೆ ಇದೆಯಲ್ಲ... ಅದು ಯಾರು ಎಂದು ಗೊತ್ತಿದ್ದೂ ಎದೆ ಒಂದು ಸಲ ಹಗುರಾಗುತ್ತದೆ.

ಅತ್ತೆಗೆ ಇದು ಹಿಡಿಸುತ್ತಿಲ್ಲ. "ಅವನಿಗೆ ಹೆಂಡ್ತಿ ಇದಾಳೋ ಇಲ್ವೋ?" ಎಂದರು.

"ಇದಾರೆ. ಮನೇಲೇ ಹೊಲಿಗೆ ಹಾಕ್ತಾರಂತೆ."

"ಅವಳು ಯಾರ ಹತ್ರ ಪಾಠ ಕಲೀತಿದಾಳೆ?"

ಸೆಪ್ಟೆಂಬರ್ 3, ಗುರುವಾರ. ಬೆಳಗ್ಗೆ

ಆದ್ರೆಯ ಅಮ್ಮನ ಫೋನು. ಪಕ್ಕದ ಮನೆಯವರ ಮೊಬೈಲಿನಿಂದಂತೆ.

"ಟೀಚರ್, ಆ ಪುಸ್ತಕ ಮುಚ್ಚಿಬಿಡಿ."

ನಮಸ್ಕಾರ ಇಲ್ಲ, ಏನಿಲ್ಲ.

"ಡ್ಯೂಟಿಯಿಂದ ಬರ್ತಾರೆ, ಕೈಕಾಲು ತೊಳ್ಕೋತಾರೆ, ಫೋನ್ ಹಿಡ್ಕೊಂಡು ಗೋಡೆ ಕಡೆ ತಿರುಗಿ ಕೂರ್ತಾರೆ. ಎಂದೋ ಸತ್ತ ರಾಜರ ಹತ್ರ ಮಾತು, ನನ್ನ ಹತ್ರ ಇಲ್ಲ. ನನಗೂ ಮಗಳೇ ತಾನೇ ಹೋಗಿದ್ದು?"

"ಅವರಿಗೆ ಅದೊಂದು ಸಮಾಧಾನ ಇರಬಹುದು ಅಮ್ಮ."

"ನನಗೆ?"

ಆಮೇಲೆ ಅವರೇ ಹೇಳಿದರು. "ಅವತ್ತು ಬೆಳಗ್ಗೆ ಹೊಟ್ಟೆನೋವು ಅಂದ್ಲು. ಇದೇ ಫೋನಿಂದ ಇವರಿಗೆ ಮಾಡಿದೆ. ಬಸ್ ತುಂಬ ಜನ ಇದಾರೆ, ಮಾತ್ರೆ ಕೊಡು, ಸಂಜೆ ಬರ್ತೀನಿ ಅಂದ್ರು. ಮಧ್ಯಾಹ್ನ ಮತ್ತೆ ಮಾಡಿದೆ. ಎತ್ತಲಿಲ್ಲ. ಓಡಿಸ್ತಿದ್ರು. ಸಂಜೆ ಬಂದೋರು ಅದೇ ಬಸ್ಸಲ್ಲಿ ಮಲಗಿಸ್ಕೊಂಡು ಹೋದ್ರು. ಎರಡು ಕಡೆ ಹಾಸಿಗೆ ಇಲ್ಲ ಅಂದ್ರು. ಮೂರನೇ ಕಡೆ..."

"ಹೂಂ."

"ಊರೋರ ಮಕ್ಕಳನ್ನೆಲ್ಲ ಹೊತ್ತೊಯ್ದ ಬಸ್ಸು. ಅವತ್ತಿನ ಬಗ್ಗೆ ನಾನೂ ಕೇಳಿಲ್ಲ, ಅವರೂ ಬಾಯಿ ಬಿಟ್ಟಿಲ್ಲ."

ನೀವೂ ಅವರ ಪಕ್ಕ ಕೂತು ನೋಡಬಹುದಲ್ಲ ಎಂದೆ. ಹೇಳಬಾರದಿತ್ತು.

"ಏನಂತ ನೋಡಲಿ? ನನಗೆ ಓದೋಕೆ ಬರಲ್ಲ. ಅವಳು ಇದ್ದಾಗಲೂ ಅಷ್ಟೇ. ಅಪ್ಪ ಮಗಳು ಇಬ್ರೂ ಫೋನಿಗೆ ತಲೆ ಕೊಟ್ಟು ಕಿಸಿಕಿಸಿ ಅಂತಿದ್ರು. ನಾನು ಮೆಷಿನ್ ತುಳೀತಾ ಇಬ್ರ ಬೆನ್ನು ನೋಡ್ತಿದ್ದೆ."

ಒಂದೆರಡು ವಾರ ಕೊಡಿ ಎಂದೆ. ಯಾಕೆ ಹಾಗೆಂದೆನೋ, ಆ ವಾರಗಳಲ್ಲಿ ಏನು ಮಾಡುತ್ತೇನೋ, ನನಗೂ ಗೊತ್ತಿರಲಿಲ್ಲ.

ಸೆಪ್ಟೆಂಬರ್ 10, ಗುರುವಾರ

ಮುಂದಿನ ಪಾಠ ಸಮಾಧಿಗಳು. ದಾಟಿಸಿಬಿಡಲೇ ಎಂದು ನಾಲ್ಕು ದಿನ ಒದ್ದಾಡಿದೆ. ಮಕ್ಕಳಿಗೋಸ್ಕರ ಎಂದು ನೆಪ. ಕೊನೆಗೆ ಮಾಡಿದೆ. ಅವರೆಲ್ಲ ತೊಂದರೆಯಿಲ್ಲದೆ ಕೇಳಿದರು. ರಾಜರ ಜೊತೆ ಒಡವೆ, ಪಾತ್ರೆ, ದೋಣಿ ಇಡುತ್ತಿದ್ದರು ಎಂದರೆ ಒಬ್ಬನಿಗೆ ಫೋನ್ ಇಟ್ಟರೆ ಚಾರ್ಜರ್ ಎಲ್ಲಿಂದ ಎಂಬ ಚಿಂತೆ.

ಸಂಜೆ ಹಸಿರು ಚುಕ್ಕೆ. ಉತ್ತರಗಳನ್ನೆಲ್ಲ ಬರೆದರು. ಆಮೇಲೆ ಕೆಳಗೆ, ಅಂಚಿನಲ್ಲಿ:

"ಸಣ್ಣ ಮಕ್ಕಳನ್ನು ಎಲ್ಲಿ ಇಡುತ್ತಿದ್ದರು?"

ಒಲೆಯ ಮೇಲೆ ಹಾಲಿತ್ತು, ಉಕ್ಕಿತು. ಅತ್ತೆ ಬಂದು ಆರಿಸಿದರು. ನಾನು ಏಳಲಿಲ್ಲ.

ಪ್ರಶ್ನೆ ಕೇಳಿದವರಿಗೆ ಉತ್ತರ ಕೊಡಬೇಕು. ಇಷ್ಟು ವರ್ಷ ಅದನ್ನೇ ಮಾಡಿಕೊಂಡು ಬಂದಿರುವುದು. ಬರೆದೆ: "ಎಷ್ಟೋ ಕಡೆ ಎಳೆಯ ಮಕ್ಕಳನ್ನು ಊರಾಚೆ ಒಯ್ಯುತ್ತಿರಲಿಲ್ಲ. ಮನೆಯ ನೆಲದ ಕೆಳಗೇ ಇಡುತ್ತಿದ್ದರು. ಅದರ ಮೇಲೇ ಅಡುಗೆ, ಊಟ, ನಿದ್ದೆ."

ಚುಕ್ಕೆ ಹಸಿರಾಗಿಯೇ ಇತ್ತು. ಏನೂ ಮೂಡಲಿಲ್ಲ. ಬೀದಿದೀಪ ಹತ್ತಿದ ಮೇಲೆ ಒಂದು ಸಾಲು ಬಂತು.

"ನಾವು ದೂರ ಬಿಟ್ಟು ಬಂದೆವು."

ಸೆಪ್ಟೆಂಬರ್ 14, ಸೋಮವಾರ

ನಾಲ್ಕು ದಿನದಿಂದ ಚುಕ್ಕೆ ಇಲ್ಲ. ನಾನೇ ಕೆಡಿಸಿದೆ.

ಹೆಡ್‌ಮಾಸ್ಟರ ಫೋನು ಬೇರೆ. ಅರ್ಧವಾರ್ಷಿಕ ಪಟ್ಟಿ ಸರಿ ಮಾಡಬೇಕಂತೆ. "ಆ ಹುಡುಗಿ ಹೆಸರು ಇನ್ನೂ ಇದೆ ಮೇಡಂ. ತಿಂಗಳ ಕೊನೆಗೆ ತೆಗೀತಾರೆ. ಹೆಸರು ತೆಗೆದ್ರೆ ಪುಸ್ತಕಾನೂ ಹೋಗುತ್ತೆ."

ಉಳಿಸಿಕೊಳ್ಳಲು ಬರುವುದಿಲ್ಲವೇ ಎಂದೆ. ಬೇಕಿದ್ದರೆ ಪುಟಗಳನ್ನು ಪ್ರಿಂಟ್ ತೆಗೆದುಕೊಡಿ ಎಂದರು. ಕೆಟ್ಟವರಲ್ಲ ಅವರು. ಫೋನಿಡುವ ಮುಂಚೆ ಗಂಟಲು ಸರಿಮಾಡಿಕೊಂಡರು. "ನನಗೂ ಆ ಹೆಸರು ತೆಗೆಯೋಕೆ ಮನಸ್ಸಿಲ್ಲ. ಆದ್ರೆ ಎಷ್ಟು ದಿನ ಅಂತ ಇಟ್ಕೊಳ್ಳೋದು?"

ಸೆಪ್ಟೆಂಬರ್ 16, ಬುಧವಾರ

ಅಮ್ಮ ಫೋನ್ ಮಾಡಿದ್ದರು. ಬೈಯಲು ಎಂದುಕೊಂಡೇ ಎತ್ತಿದೆ.

"ನೆಲದ ಕೆಳಗೆ ಅಂತ ನೀವೇ ಬರೆದ್ರಂತೆ. ನಿಜಾನಾ ಟೀಚರ್?"

"ನಿಜ."

"ಇವರು ಗೋಡೆ ಕಡೆ ತಿರುಗಿ ಅಳ್ತಿದ್ರು. ಏನಾಯ್ತು ಅಂತ ಕೇಳಿದೆ. ಅಷ್ಟು ದಿನ ಆದ್ಮೇಲೆ ನಾನಾಗೇ ಕೇಳಿದ್ದು. ಓದಿ ಹೇಳಿದ್ರು." ಆಮೇಲೆ ತಡೆದು, "ಅವತ್ತಿನ ಮಾತೂ ಬಂತು. ಎರಡನೇ ಸಲ ಫೋನ್ ಬಂದಾಗ ಬಸ್ಸಲ್ಲಿ ಒಬ್ಬ ಮುದುಕಪ್ಪಂಗೆ ಉಸಿರು ಕಟ್ತಿತ್ತಂತೆ. ನಿಲ್ಲಿಸೋ ಹಂಗಿರಲಿಲ್ಲ ಅಂದ್ರು."

"ಮತ್ತೆ?"

"ಮತ್ತೇನು. ಆ ಮುದುಕಪ್ಪ ಬದುಕಿದಾನಂತೆ." ಆ ಮಾತಿನಲ್ಲಿ ಸಿಟ್ಟಿತ್ತೋ ಏನಿತ್ತೋ ನನಗೆ ಬಗೆಹರಿಯಲಿಲ್ಲ. "ಕ್ಷಮಿಸೋಕೆ ಆಗಲ್ಲ ಟೀಚರ್. ಬಿಟ್ಟು ಹೋಗೋಕೂ ಆಗಲ್ಲ. ಇಬ್ರೂ ಒಂದೇ ಮನೇಲಿ ಇದೀವಿ ಅಷ್ಟೇ."

ಪುಸ್ತಕ ತಿಂಗಳ ಕೊನೆಗೆ ಹೋಗುತ್ತದೆ ಎಂದು ಹೇಳಿದೆ. ನೀವು ಕೇಳಿದ ಹಾಗೇ ಆಗುತ್ತದೆ ಎಂದೆ.



"ಅದರಲ್ಲಿ ಅವಳು ಏನು ಬರೆದಿದ್ಲು?"

ಸೆಪ್ಟೆಂಬರ್ 27, ಭಾನುವಾರ. ಸಂಜೆ

ಈಗ ಓಡಾಟಕ್ಕೆ ಬಿಟ್ಟಿದ್ದಾರೆ. ಪ್ರಿಂಟ್ ತೆಗೆದ ಹಾಳೆ ಹಿಡಿದು ಅವರ ಮನೆಗೆ ಹೋಗಿ ಬಂದೆ. ಅತ್ತೆಯೇ ಹೊರಡಿಸಿದ್ದು. "ಬರೀ ಕಾಗದ ಕೊಟ್ಟು ಬರಬೇಡ, ಕೂತು ಓದು," ಎಂದು ತಾಕೀತು.

ಮಹಡಿ ಮೇಲೊಂದು ಸಣ್ಣ ಮನೆ. ಕಿಟಕಿ ಪಕ್ಕ ಹೊಲಿಗೆ ಮೆಷಿನ್, ನೆಲದ ಮೇಲೆ ಬಟ್ಟೆಯ ಚೂರು. ಗೋಡೆಗೆ ಡ್ರೈವರ್ ಅಂಗಿ. ಅಮ್ಮ ನಾನಂದುಕೊಂಡದ್ದಕ್ಕಿಂತ ಚಿಕ್ಕವರು. ಸೂಜಿ ಎಲ್ಲೂ ಇಡದೆ ಅಂಗೈಯಲ್ಲೇ ಹಿಡಿದುಕೊಂಡಿದ್ದರು. ಅಪ್ಪ ಬಾಗಿಲ ಹತ್ತಿರ ಚಪ್ಪಲಿ ಬಿಡುವ ಜಾಗದಲ್ಲಿ ಕೂತರು. ಅಲ್ಲೇ ಅವರ ಜಾಗ ಅನ್ನುವ ಹಾಗೆ.

ಮೊದಲ ಪುಟದಿಂದ ಓದಿದೆ. ಇಟ್ಟಿಗೆ. ಅಳತೆ ತಪ್ಪಿದವನು. ಗಾಡಿಯ ಬ್ರೇಕು. ಅಮ್ಮ ಒಂದು ಕಡೆ ನಕ್ಕರು, ಸೆರಗು ಬಾಯಿಗೊತ್ತಿಕೊಂಡರು. ಒಂದು ಪುಟದಲ್ಲಿ ಅವಳು, "ನಮ್ಮಮ್ಮ ಬಟ್ಟೆ ಅಳೆಯೋ ಹಾಗೆ ಅವರು ಊರನ್ನೇ ಅಳೆದು ಕಟ್ಟಿದ್ದಾರೆ" ಎಂದು ಬರೆದಿದ್ದಳು. ಅದನ್ನು ಇನ್ನೊಂದು ಸಲ ಓದಿ ಎಂದರು. ಓದಿದೆ. ಇನ್ನೊಂದು ಸಲ ಎಂದರು.

"ನನ್ನ ಬಗ್ಗೆ ಬರೆದಿದ್ಲಾ," ಎಂದು ಕೇಳಿದರು. ನನ್ನನ್ನಲ್ಲ. ಬಾಗಿಲ ಕಡೆ ನೋಡದೆ ಬಾಗಿಲ ಕಡೆಗೆ ಕೇಳಿದ್ದು. ಅಪ್ಪ ತಲೆ ಬಗ್ಗಿಸಿದರು.

ಜುಲೈ ಪುಟಗಳು ಮುಗಿದವು. ಆಮೇಲಿನದು ಅಪ್ಪನ ಕೈಬರಹ. ಹಾಳೆ ಅವರ ಕಡೆ ಚಾಚಿದೆ. "ಇದು ನೀವು ಬರೆದದ್ದು. ನೀವೇ ಓದಿ."

ಬೇಡ ಮಿಸ್ ಎಂದರು. ನಾನು ಕೈ ಹಿಂದಕ್ಕೆ ತೆಗೆಯಲಿಲ್ಲ.

ತೆಗೆದುಕೊಂಡರು. ಬೆರಳಿಟ್ಟು ಓದಿದರು. ನಗರದ ಚರಂಡಿಗಳು ಮುಚ್ಚಿದ್ದವು. ಕಲ್ಲು ಮತ್ತು ಇಟ್ಟಿಗೆಯಿಂದ ಮುಚ್ಚಿದ್ದರು. ದನಿ ಅಂಗಿಯೊಳಗೇ ಉಳಿದುಹೋಗುತ್ತಿತ್ತು.

ಅಮ್ಮ ಸೂಜಿಯನ್ನು ಮೆಷಿನ್ ಮೇಲಿಟ್ಟರು.

"ಜೋರಾಗಿ ಓದಿ," ಎಂದರು ಗಂಡನಿಗೆ. "ಇಲ್ಲಿಗೆ ಕೇಳಿಸ್ತಿಲ್ಲ."

ಅವರು ಎದ್ದು ಒಂದು ಮಾರು ಈಚೆ ಬಂದು ಕೂತರು. ಮೊದಲಿಂದ ಓದಿದರು.

ನಾನು ಎದ್ದು ಬಂದೆ. ಇಬ್ಬರೂ ಗಮನಿಸಲಿಲ್ಲ. ಮೆಟ್ಟಿಲಿಳಿಯುವವರೆಗೂ ದನಿ ಕೇಳುತ್ತಿತ್ತು, ತಡವರಿಸುತ್ತ, ಅಲ್ಲಲ್ಲಿ ನಿಲ್ಲುತ್ತ.

ಅಕ್ಟೋಬರ್ 1, ಗುರುವಾರ. ಮಧ್ಯಾಹ್ನ

ನಿನ್ನೆ ಅವಳ ಹೆಸರು ತೆಗೆದರು. ಬೆಳಗ್ಗೆ ಪಟ್ಟಿ ತೆರೆದಾಗ ಸಾಲು ಮೇಲಕ್ಕೆ ಸರಿದಿತ್ತು. ಖಾಲಿ ಜಾಗವನ್ನೂ ಬಿಟ್ಟಿಲ್ಲ. ಹಿಂದಿನ ಹೆಸರು, ಮುಂದಿನ ಹೆಸರು, ನಡುವೆ ಏನೂ ಆಗಿಲ್ಲದ ಹಾಗೆ ಒಂದಕ್ಕೊಂದು ಅಂಟಿಕೊಂಡಿವೆ.

ಹೊಸ ಪಾಠ. ಅತ್ತೆ ಇವತ್ತು ಮಾತಾಡಲಿಲ್ಲ, ಕಾಳು ಆರಿಸುತ್ತ ನನ್ನನ್ನೇ ನೋಡುತ್ತಿದ್ದರು.

ಹಾಜರಿ ಕರೆದೆ. ನೋಡಿಕೊಂಡು ಕರೆಯುವುದಿಲ್ಲ ನಾನು, ಬಾಯಿಗೆ ಬಂದುಹೋಗಿದೆ. ಅವಳ ಹಿಂದಿನವನು ಹಾಜರ್ ಎಂದ. ಅಭ್ಯಾಸಬಲ, ಬಾಯಿ ತೆರೆದೆ. ತಡೆದುಕೊಂಡೆ. ಮಕ್ಕಳಿಗೆ ಗೊತ್ತಾಯಿತು. ಅವಳ ನಂತರದ ಹುಡುಗಿ ತನ್ನ ಹೆಸರು ಕರೆಯುವವರೆಗೆ ಕಾಯುತ್ತಿದ್ದಳು. ಎಲ್ಲರೂ ಕಾಯುತ್ತಿದ್ದರು. ನಾನು ಅವಳ ಹೆಸರನ್ನೂ ಕರೆದು, ಆಮೇಲೆ ಮುಂದಿನ ಹೆಸರಿಗೆ ಹೋದೆ.